ಯಕಾರ ಬೇಡ

ಲೂಯಿಸ್ಟನ್ನಿನ ಕಾಲುವೆ ದಂಡೆ, ಹಳೆಯ ಬಟ್ಟೆಗಿರಣಿ,
ಎರಡನೇ ಮಹಡಿಯಲ್ಲಿ ನನ್ನ ಕಿವಿಯ ಕ್ಲಿನಿಕ್ಕು.
ಫೋಮು ಹೊದಿಸಿದ ಪೆಟ್ಟಿಗೆಯಂಥ ಕೋಣೆ.
ಒಳಗೆ ಅವರು, ಗಾಜಿನ ಈಚೆ ನಾನು.
ಕೇಳಿಸಿದರೆ ಗುಂಡಿ ಒತ್ತಿ, ಅನ್ನುತ್ತೇನೆ
ದಿನಕ್ಕೆ ಹನ್ನೆರಡು ಸಲ.

ರೊಸಿಲ್ಡಾ ಪೊಮರ್ಲೋ, ತೊಂಬತ್ತೊಂದು,
ಹೊಸ ಯಂತ್ರ ಸಿಕ್ಕಿಸಿಕೊಂಡವರೇ ನನ್ನ ಪಟ್ಟಿ ತಳ್ಳಿದರು.
ಬೇಸ್‌ಬಾಲು, ಹಾಟ್‌ಡಾಗು, ಏರೋಪ್ಲೇನು:
ಕೇಳಿಸದಿದ್ದರೆ ನಷ್ಟವೇನಿಲ್ಲ, ಇದನ್ನು ಹೇಳು, ಎಂದು
ಪರೀಕ್ಷೆಯ ಹಾಳೆ ಮಗುಚಿ ಪೆನ್ಸಿಲಿನಲ್ಲಿ ಬರೆದರು

désobéissaient

ಹದಿನಾಲ್ಕು ಅಕ್ಷರದ ಒಂದು ಕ್ರಿಯಾಪದ.
ಮಾತು ಕೇಳುತ್ತಿರಲಿಲ್ಲ ಎಂದು ಅರ್ಥ, ಕಿವುಡರಲ್ಲ, ಹಟಮಾರಿಗಳು.

ನನ್ನ ನಾಲಿಗೆ ಕಾಗುಣಿತದಲ್ಲಿ ಬೆಳೆದದ್ದು,
ಬರೆದದ್ದನ್ನೆಲ್ಲ ತಟ್ಟೆ ಬಳಿದು ಉಣ್ಣುವಂಥದ್ದು.
ದೆಸೊಬೆಯಿಸ್ಸಾಯಿಯೆಂಟು, ಅಂದೆ.
ಅವರು ನಕ್ಕ ರಭಸಕ್ಕೆ ಕಿವಿಯ ಯಂತ್ರ ಸಿಳ್ಳೆ ಹಾಕಿತು.

ಆಮೇಲೆ ಪೆನ್ಸಿಲಿನಿಂದ ಕತ್ತರಿಸಿದರು, ಬ್ರೆಡ್ಡು ಕೊಯ್ದ ಹಾಗೆ:
ದೇ. ಝೊ. ಬೇ. ಇ. ಸೆ.
ಇಷ್ಟೇನಾ?
ಇಷ್ಟೇ. ಸ್ವರಗಳ ನಡುವೆ ಒಂಟಿ ಸಿಕ್ಕ ಸಕಾರ
ನಡುಗಿ ಝಕಾರವಾಗುತ್ತದೆ.
ಜೋಡಿಯಿದ್ದರೆ ನಡುಗುವುದಿಲ್ಲ, ನೋಡು, ಇಲ್ಲಿ ಕೈ ಹಿಡಿದಿವೆ.

ದೇಝೊಬೇಯಿಸೆ.
ಯಕಾರ ಎಲ್ಲಿಂದ ಬಂತು?
ನಮ್ಮಲ್ಲಿ ಹಾಗೆ, ಮದಾಮ್. ಎರಡು ಸ್ವರ ಎದುರಾದರೆ
ಮುನಿಸಿಕೊಂಡ ಬೀಗರ ನಡುವೆ ಸೋದರತ್ತೆ ಬಂದು ಕೂತಂತೆ
ಯಕಾರ ಬಂದು ಕೂರುತ್ತದೆ. ಮೇಲಾಗಿ
ಬೇಯಿಸು ಅಂದರೆ ಒಲೆಯ ಮೇಲಿಡುವುದು.
ಇವರು ಏನನ್ನೂ ಬೇಯಿಸಲಿಲ್ಲ, ಅಂದರು ರೊಸಿಲ್ಡಾ.
ಯಕಾರ ಬೇಡ. ಬೇ, ಇ. ಅಂಟೂ ಬೇಡ, ಬಿರುಕೂ ಬೇಡ.

ಅಭ್ಯಾಸಬಲ, ಅಡಿಯಲ್ಲಿ ಲಘು ಗುರು ಹಾಕತೊಡಗಿದ್ದೆ.
ಏನದು? ತೂಕ. ಇಲ್ಲಿ ತೂಕವಿಲ್ಲ ಮಗೂ,
ಎಲ್ಲ ಹೆಜ್ಜೆಯೂ ಒಂದೇ, ಕೊನೆಯದು ಮಾತ್ರ ತುಸು ಊರುತ್ತದೆ.
ಆ ಕೊನೆಯದನ್ನು ನಮ್ಮಮ್ಮ ಸೆ ಅನ್ನುತ್ತಿರಲಿಲ್ಲ,
ಬಾಯಿ ಇನ್ನೂ ಅಗಲಿಸಿ ಸ್ಯಾ ಅನ್ನುತ್ತಿದ್ದಳು,
ಗಿರಣಿಯ ಸದ್ದಿನಲ್ಲಿ ಅದೇ ಕೇಳಿಸುತ್ತಿದ್ದದ್ದು.

ಹಾಗಾದರೆ ಬಾಲದ ಈ ಇ, ಎನ್, ಟಿ? ಸುಮ್ಮನೆಯಾ?
ಸುಮ್ಮನಿವೆ. ಸುಮ್ಮನೆ ಅಲ್ಲ.
ಒಬ್ಬಳಲ್ಲ, ಇಬ್ಬರು, ಅನ್ನಲಿಕ್ಕೆ ಇವೆ.

ಶಾಲೆಯಂಗಳದಲ್ಲಿ ಫ್ರೆಂಚ್ ಆಡಕೂಡದು. ಆಡಿದರು,
ಕಲ್ಲಿದ್ದಲಿನ ಕೊಟ್ಟಿಗೆಯ ಹಿಂದೆ, ಇವರೂ ಅಕ್ಕ ಫೆರ್ನಾಂದಳೂ.
ಯಾರದು ಎಂದಾಗ ಅಕ್ಕ ಮುಂದೆ ಬಂದಳು,
ನೂರು ಸಾಲು ತಪ್ಪೊಪ್ಪಿಗೆ ಬರೆದಳು, ಇಂಗ್ಲಿಷಿನಲ್ಲಿ.
ಸಂಜೆ ಅಮ್ಮ ಅಪ್ಪನಿಗೆ ಹೇಳಿದಳು, ಎಲ್ ದೇಝೊಬೇಇಸ್ಯಾ.
ಅವಳು ಅಂದರೂ ಅದೇ ಸದ್ದು,
ಅವರಿಬ್ಬರು ಅಂದರೂ ಅದೇ.
ಅಪ್ಪ ಅವಳು ಎಂದುಕೊಂಡ.
ನಾನು ಬಟಾಣಿ ಸೂಪು ಕುಡಿಯುತ್ತಿದ್ದೆ, ಅಂದರು.

ಅಕ್ಕ ಈಗ ಬಿಡ್‌ಫರ್ಡಿನಲ್ಲಿ, ಪೂರ್ತಿ ಕಿವುಡು.
ಫೋನು ದಂಡ. ಇನ್ನು ಬರೆಯುವುದೇ.
ಕಿವಿ ಕೇಳಿದ್ದಾಗಲೂ ಹೇಳಿ ತಿಳಿಸುವಂತಿರಲಿಲ್ಲ, ಗೊತ್ತಾಯಿತಾ?
ಕಾಗದದ ಮೇಲೆ ಮಾತ್ರ ನಾನು ಇದ್ದೇನೆ.

ಬಾಗಿಲು ಹಾಕಿದೆ. ಮೈಕಿನಲ್ಲಿ ಮೆಲ್ಲಗೆ, ನಲವತ್ತು ಡೆಸಿಬೆಲ್,
ಐದು ಹೆಜ್ಜೆ ಹೇಳಿದೆ, ಯಕಾರ ತಡೆದು.
ದೀಪ ಹೊತ್ತಿತು.
ಹೇಳಿ ಮುಗಿಸಿ ಉಗುಳು ನುಂಗಿದೆ, ಕುರ್ಚಿ ಹಿಂದೆ ಸರಿಸಿದೆ,
ಇನ್ನೂ ಉರಿಯುತ್ತಿತ್ತು. ಬೆರಳು ತೆಗೆದಿರಲಿಲ್ಲ.

ಸದ್ದಿಲ್ಲದಾಗ ಒತ್ತಿದರೆ ತಪ್ಪುತ್ತರವೆಂದು ಗುರುತು ಹಾಕಬೇಕು.
ಪೆನ್ನು ಎಲ್ಲೋ ಇಟ್ಟಿದ್ದೆ.